ಪದ ಒಂದು, ಅರ್ಥ ಹತ್ತಾರು: ‘ಪ್ರೆಸ್’ ಎಂಬ ಪದದ ಕಥೆ



ಇಂಗ್ಲಿಷ್ ಎಂದರೆ ಕಬ್ಬಿಣದ ಕಡಲೆ ಎಂದು ನಮ್ಮಲ್ಲಿ ತುಂಬಾ ಮಂದಿ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: “ಶಬ್ದಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ ಮಾರಾಯ, ಆದರೆ ವಾಕ್ಯದಲ್ಲಿ ಬಂದಾಗ ಅರ್ಥವೇ ಆಗುವುದಿಲ್ಲ.” ಇದು ನಮ್ಮ ತಲೆಯ ದೋಷವಲ್ಲ, ಬಾಯಿಪಾಠ ಮಾಡುವ ಕ್ರಮದ ದೋಷ. ನಾವು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ನಡುವೆ ಒಂದು ಗೆರೆ ಎಳೆಯುತ್ತೇವೆ. ಎಡಗಡೆ ಒಂದು ಇಂಗ್ಲಿಷ್ ಪದ, ಬಲಗಡೆ ಒಂದೇ ಒಂದು ಕನ್ನಡ ಪದ. ಒಂದು ಪದಕ್ಕೆ ಒಂದೇ ಅರ್ಥ ಎಂದು ನಂಬಿದಲ್ಲಿಂದಲೇ ತೊಂದರೆ ಶುರುವಾಗುತ್ತದೆ.

ಉದಾಹರಣೆಗೆ ‘ಪ್ರೆಸ್’ ಎಂಬ ಪದ ತೆಗೆದುಕೊಳ್ಳಿ. ಪಟ್ಟಿಯಲ್ಲಿ ‘ಪ್ರೆಸ್ ಎಂದರೆ ಒತ್ತು’ ಎಂದು ಬರೆದುಕೊಂಡವನ ಮುಂದೆ ‘ಸ್ವಾತಂತ್ರ್ಯ ಹೋರಾಟದಲ್ಲಿ ಪ್ರೆಸ್ ದೊಡ್ಡ ಪಾತ್ರ ವಹಿಸಿತು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬಂತು ಎಂದು ಇಟ್ಟುಕೊಳ್ಳಿ. ‘ಸ್ವಾತಂತ್ರ್ಯ ಹೋರಾಟದಲ್ಲಿ ಒತ್ತು ದೊಡ್ಡ ಪಾತ್ರ ವಹಿಸಿತು’ ಎಂದು ಬರೆದರೆ ಎಂತ ಅರ್ಥ? ಪರೀಕ್ಷೆಯಲ್ಲಾದರೆ ಒಂದು ಅಂಕ ಹೋದೀತು, ಅಷ್ಟೇ. ಆದರೆ ನಮಗೆಲ್ಲ ಇನ್ನೊಂದು ಪರೀಕ್ಷೆಯೂ ಉಂಟು. ಬ್ಯಾಂಕಿನಿಂದಲೋ ಕೋರ್ಟಿನಿಂದಲೋ ಆಸ್ಪತ್ರೆಯಿಂದಲೋ ಇಂಗ್ಲಿಷ್ ಕಾಗದ ಮನೆಗೆ ಬಂದರೆ ಹಿರಿಯರು ಯಾರ ಹತ್ತಿರ ಓದಿಸುತ್ತಾರೆ? ಶಾಲೆಗೆ ಹೋಗುವ ಮಕ್ಕಳ ಹತ್ತಿರವೇ ಅಲ್ವಾ? ಅಲ್ಲಿ ಅರ್ಥ ತಪ್ಪಿದರೆ ಅಂಕ ಹೋಗುವುದಿಲ್ಲ, ಮನೆಯವರ ಕೆಲಸವೇ ಕೆಡುತ್ತದೆ. ಹಾಗಾಗಿ ಈ ಒಂದು ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ಪದವನ್ನೇ ಆರಿಸಲು ಕಾರಣವಿದೆ. ಇದರ ಹೆಚ್ಚಿನ ಅರ್ಥಗಳಿಗೆ ಉದಾಹರಣೆ ಹುಡುಕಲು ಲಂಡನ್ನಿಗೆ ಹೋಗಬೇಕಿಲ್ಲ. ನಮ್ಮ ಮಂಗಳೂರಿನಲ್ಲಿಯೇ ಎಲ್ಲ ಸಿಗುತ್ತದೆ.

ಒಂದು: ಕೈಯಿಂದ ಒತ್ತುವುದು

ಮೊದಲನೆಯ ಅರ್ಥ ಎಲ್ಲರಿಗೂ ಗೊತ್ತಿದ್ದದ್ದೇ. ಕರೆಗಂಟೆಯ ಗುಂಡಿ, ಮೊಬೈಲಿನ ಬಟನ್, ಎ.ಟಿ.ಎಂ. ಯಂತ್ರದ ಅಂಕಿ, ಎಲ್ಲವನ್ನೂ ನಾವು ಒತ್ತುತ್ತೇವೆ. ಅಂಗಿಗೆ ಹಾಕುವ ‘ಪ್ರೆಸ್ ಬಟನ್’ ಕೂಡ ಒತ್ತಿದರೆ ಕೂತುಕೊಳ್ಳುವಂಥದ್ದು. ಆದರೆ ಇಲ್ಲಿಯೂ ಒಂದು ಸೂಕ್ಷ್ಮ ಉಂಟು. ‘ಪ್ರೆಸ್’ ಎಂಬುದಕ್ಕೆ ಹತ್ತಿರದ ಅರ್ಥ ಕೊಡುವ ಪದಗಳು ಇಂಗ್ಲಿಷಿನಲ್ಲಿ ಬೇರೆ ಬೇರೆ ಇವೆ. ಅವನ್ನು ಒಂದರ ಜಾಗದಲ್ಲಿ ಇನ್ನೊಂದು ಹಾಕಲಿಕ್ಕೆ ಆಗುವುದಿಲ್ಲ. ನಮ್ಮ ಅಡುಗೆಮನೆಗೆ ಹೋದರೆ ವ್ಯತ್ಯಾಸ ಬೇಗ ತಿಳಿಯುತ್ತದೆ.

ಪ್ರೆಸ್: ಒತ್ತುವುದು, ಅದುಮುವುದು. ಮೇಲಿನಿಂದ ಭಾರ ಹಾಕಿದರೂ ವಸ್ತು ಇದ್ದಲ್ಲೇ ಇರುತ್ತದೆ. ಚಕ್ಕುಲಿ ಒತ್ತುವುದು, ಅಜ್ಜಿಯ ಕಾಲು ಒತ್ತುವುದು.

ಪುಶ್: ತಳ್ಳುವುದು, ದೂಡುವುದು. ವಸ್ತು ಜಾಗ ಬಿಟ್ಟು ಸರಿಯುತ್ತದೆ. ಕೆಟ್ಟು ನಿಂತ ಜೀಪನ್ನು ದೂಡುವುದು.

ಸ್ಕ್ವೀಝ್: ಹಿಂಡುವುದು, ಹಿಸುಕುವುದು. ಒಳಗಿದ್ದ ರಸ ಅಥವಾ ನೀರು ಹೊರಗೆ ಬರಬೇಕು. ಲಿಂಬೆಹುಳಿ ಹಿಂಡುವುದು, ತೆಂಗಿನ ಹಾಲು ಹಿಂಡುವುದು.

ಕ್ರಶ್: ಜಜ್ಜುವುದು, ಪುಡಿ ಮಾಡುವುದು. ಬೆಳ್ಳುಳ್ಳಿ ಜಜ್ಜುವುದು. ಜಲ್ಲಿ ಮಾಡುವ ‘ಕ್ರಶರ್’ ಎಂಬ ಹೆಸರು ಇದರಿಂದಲೇ ಬಂದದ್ದು.

ನೀಡ್: ನಾದುವುದು. ಚಪಾತಿ ಹಿಟ್ಟು ನಾದುವುದು.

ಸ್ಟ್ಯಾಂಪ್: ಮುದ್ರೆ ಒತ್ತುವುದು, ಠಸ್ಸೆ ಹಾಕುವುದು. ಅಂಚೆ ಕಚೇರಿಯಲ್ಲಿ ಕಾಣುತ್ತೇವೆ.

ನೋಡಿ, ಕನ್ನಡದಲ್ಲಿ ನಾವು ಇಷ್ಟೂ ಕೆಲಸಗಳನ್ನು ಬೇರೆ ಬೇರೆ ಪದದಿಂದಲೇ ಹೇಳುತ್ತೇವೆ. ಬೆಳ್ಳುಳ್ಳಿ ಹಿಂಡು ಎಂದು ಅಮ್ಮ ಹೇಳುವುದಿಲ್ಲ, ಲಿಂಬೆ ಜಜ್ಜು ಎಂದೂ ಹೇಳುವುದಿಲ್ಲ. ಯಾವ ಶಾಲೆಗೂ ಹೋಗದವರಿಗೂ ಈ ವ್ಯತ್ಯಾಸ ಗೊತ್ತು. ಇಂಗ್ಲಿಷಿನವರಿಗೂ ಹಾಗೆಯೇ. ಸಮಾನಾರ್ಥಕ ಪದ ಎಂದರೆ ಪೂರ್ತಿ ಒಂದೇ ಅರ್ಥದ ಪದ ಅಲ್ಲ, ಅಕ್ಕಪಕ್ಕದ ಮನೆಯ ಪದ.

ಈ ವ್ಯತ್ಯಾಸ ಜೀವಕ್ಕೂ ಬೇಕಾದೀತು. ಪ್ರಥಮ ಚಿಕಿತ್ಸೆಯ ಇಂಗ್ಲಿಷ್ ಕಾಗದದಲ್ಲಿ ರಕ್ತ ಸುರಿಯುವ ಗಾಯವನ್ನು ಶುದ್ಧ ಬಟ್ಟೆಯಿಂದ ‘ಪ್ರೆಸ್’ ಮಾಡಿ ಎಂದು ಇರುತ್ತದೆ. ಅದರರ್ಥ ಗಾಯದ ಮೇಲೆ ಬಟ್ಟೆ ಇಟ್ಟು ಬಲವಾಗಿ ಅದುಮಿ ಹಿಡಿಯಬೇಕು ಎಂದು. ಹಿಂಡಬಾರದು, ತಿಕ್ಕಬಾರದು, ಎರಡೆರಡು ಸಲ ತೆಗೆದು ನೋಡಲೂಬಾರದು. ಒಂದೇ ಸಮನೆ ಅದುಮಿ ಹಿಡಿದರೆ ಮಾತ್ರ ರಕ್ತ ನಿಲ್ಲುತ್ತದೆ.

ಬಟ್ಟೆಗೆ ಇಸ್ತ್ರಿ ಹಾಕುವುದಕ್ಕೂ ‘ಪ್ರೆಸ್’ ಎನ್ನುತ್ತಾರೆ. ಹಿಂದೆ ತೆಂಗಿನ ಗೆರಟೆಯ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಮನೆಮನೆಯಲ್ಲಿ ಇತ್ತು. ‘ಇಸ್ತ್ರಿ’ ಎಂಬ ಮಾತು ನಾವು ತಿಳಿದ ಹಾಗೆ ಕನ್ನಡದ್ದಲ್ಲ, ಅದು ಪೋರ್ಚುಗೀಸರಿಂದ ಬಂದದ್ದು ಎಂದು ಪಂಡಿತರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಐರನ್’ ಎಂಬ ಇನ್ನೊಂದು ಪದವೂ ಉಂಟು. ಐರನ್ ಎಂದರೆ ಕಬ್ಬಿಣ. ಸಾಧನ ಯಾವುದರಿಂದ ಮಾಡಿದ್ದೋ ಅದರ ಹೆಸರೇ ಕೆಲಸಕ್ಕೂ ಬಂತು.

ಎರಡು: ಒತ್ತುವ ಯಂತ್ರ

ಕೆಲಸದಿಂದ ಯಂತ್ರಕ್ಕೆ ಹೆಸರು ಬಂದ ಕಥೆಯೂ ಇದೆ. ಒತ್ತುವ ಯಾವ ಯಂತ್ರಕ್ಕೂ ‘ಪ್ರೆಸ್’ ಎನ್ನಬಹುದು. ಎಣ್ಣೆ ತೆಗೆಯುವ ಗಾಣ ಒಂದು ಪ್ರೆಸ್. ಕಬ್ಬಿನ ಗಾಣವೂ ಪ್ರೆಸ್. ಮನೆಯಲ್ಲಿ ಶ್ಯಾವಿಗೆ ಒತ್ತುವ ಮಣೆಯೂ ಪ್ರೆಸ್ಸೇ. ಯುರೋಪಿನಲ್ಲಿ ದ್ರಾಕ್ಷಿ ಹಣ್ಣಿನ ರಸ ತೆಗೆಯಲು ದೊಡ್ಡ ತಿರುಪು ಇರುವ ಮರದ ಯಂತ್ರ ಇತ್ತು, ಅದೂ ಪ್ರೆಸ್. ಸುಮಾರು 1450ರ ಹೊತ್ತಿಗೆ ಜರ್ಮನಿಯ ಮೈಂಜ್ ಊರಿನಲ್ಲಿ ಗುಟೆನ್‌ಬರ್ಗ್ ಎಂಬವನು ಅಂಥದೇ ತಿರುಪಿನ ಯಂತ್ರದಲ್ಲಿ ಹಣ್ಣಿನ ಬದಲು ಕಾಗದ ಇಟ್ಟ. ಕೆಳಗೆ ಶಾಯಿ ಹಚ್ಚಿದ ಅಕ್ಷರದ ಮೊಳೆಗಳು, ಮೇಲೆ ಕಾಗದ, ತಿರುಪು ತಿರುಗಿಸಿದರೆ ಭಾರ ಬಿದ್ದು ಅಕ್ಷರ ಮೂಡಿತು. ಹಣ್ಣು ಹಿಂಡುವ ಯಂತ್ರದ ಹೆಸರೇ ಅಚ್ಚಿನ ಯಂತ್ರಕ್ಕೂ ಉಳಿಯಿತು.

ಅಂಥ ಯಂತ್ರ ಭಾರತಕ್ಕೆ ಮೊದಲು ಬಂದದ್ದು 1556ರಲ್ಲಿ, ಗೋವೆಗೆ. ಮಂಗಳೂರಿಗೆ ಬರಲು ಇನ್ನೂ ಬಹಳ ಕಾಲ ಬೇಕಾಯಿತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. 1841ರಲ್ಲಿ ಇಲ್ಲಿ ಅವರ ಮುದ್ರಣಾಲಯ ಆರಂಭವಾಯಿತು. ಬಲ್ಮಠದ ‘ಬಾಸೆಲ್ ಮಿಶನ್ ಪ್ರೆಸ್’ ಎಂದು ಹೆಸರಾದದ್ದು ಅದೇ. ಶುರುವಿನಲ್ಲಿ ಅಲ್ಲಿ ಇದ್ದದ್ದು ಕಲ್ಲಚ್ಚು. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರಹ ಮೂಡಿಸಿ ಕಲ್ಲನ್ನು ಒದ್ದೆ ಮಾಡುತ್ತಾರೆ. ಆಮೇಲೆ ಶಾಯಿ ಸವರಿದರೆ ಅದು ಜಿಡ್ಡಿರುವ ಬರಹಕ್ಕೆ ಮಾತ್ರ ಅಂಟುತ್ತದೆ, ಒದ್ದೆ ಇರುವಲ್ಲಿ ಅಂಟುವುದಿಲ್ಲ. ಅದರ ಮೇಲೆ ಕಾಗದ ಇಟ್ಟು ಒತ್ತಿದರೆ ಬರಹ ಕಾಗದಕ್ಕೆ ಇಳಿಯುತ್ತದೆ. ಎಣ್ಣೆಗೂ ನೀರಿಗೂ ಆಗದು ಎಂಬುದು ನಮಗೆ ಗೊತ್ತಲ್ವಾ? ಅದೇ ಇದರ ಗುಟ್ಟು.

ಇದೇ ಪ್ರೆಸ್ಸಿನಿಂದ ಪದಗಳ ಭಂಡಾರವೇ ಹೊರಬಂತು ಎಂಬುದು ನಮ್ಮ ಊರಿಗೆ ಹೆಮ್ಮೆಯ ವಿಷಯ. ಮ್ಯಾನರ್ ಎಂಬವರು ಮಾಡಿದ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಇಂಗ್ಲಿಷ್–ತುಳು ನಿಘಂಟು 1888ರಲ್ಲಿ ಇಲ್ಲಿ ಅಚ್ಚಾದವು. 1894ರಲ್ಲಿ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂತು. ಸುಮಾರು 70 ಸಾವಿರ ಪದಗಳ ದೊಡ್ಡ ಗ್ರಂಥ ಅದು. ಒಂದೊಂದು ಪದಕ್ಕೂ ಒಂದೇ ಅರ್ಥ ಸಾಕಿದ್ದರೆ ಅವರು ಅಷ್ಟು ವರ್ಷ ಕಷ್ಟಪಡುವ ಅಗತ್ಯವೇ ಇರಲಿಲ್ಲ. ಒಂದು ಪದ ಎಲ್ಲೆಲ್ಲಿ ಯಾವ ಅರ್ಥದಲ್ಲಿ ಬರುತ್ತದೆ ಎಂದು ಹುಡುಕಿ ಹುಡುಕಿ ಬರೆದದ್ದರಿಂದ ಗ್ರಂಥ ಅಷ್ಟು ದಪ್ಪವಾಯಿತು.

ಮಂಗಳೂರಿನಲ್ಲಿ ಇನ್ನೊಂದು ಪ್ರೆಸ್ಸೂ ಪ್ರಸಿದ್ಧ, ಹಂಚಿನ ಪ್ರೆಸ್. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಶುರುಮಾಡಿದರು. ನದಿ ಬದಿಯ ಜೇಡಿಮಣ್ಣನ್ನು ಹದ ಮಾಡಿ ಹಲಗೆಯ ಹಾಗೆ ಕತ್ತರಿಸುತ್ತಾರೆ. ಅದನ್ನು ಕಬ್ಬಿಣದ ಅಚ್ಚಿನೊಳಗೆ ಇಟ್ಟು ಒತ್ತಿದರೆ ಹಂಚಿನ ಆಕಾರ ಬರುತ್ತದೆ. ಆಮೇಲೆ ಒಣಗಿಸಿ ಆವಿಗೆಯಲ್ಲಿ ಸುಡುವುದು. ಹಳೆಯ ಮನೆಯ ಹಂಚು ಇಳಿಸುವಾಗ ತಿರುಗಿಸಿ ನೋಡಿ. ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865’ ಎಂಬ ಅಕ್ಷರಗಳು ಕೆಲವದರಲ್ಲಿ ಈಗಲೂ ಕಾಣುತ್ತವೆ. ಆ ಅಕ್ಷರಗಳೂ ಒತ್ತಿ ಮೂಡಿಸಿದ್ದೇ. ಅಂದರೆ ಈ ಊರಿನಲ್ಲಿ ಕಾಗದದ ಮೇಲೆಯೂ ಮಣ್ಣಿನ ಮೇಲೆಯೂ ಅಕ್ಷರ ಒತ್ತಿದ್ದಾರೆ, ಎರಡನ್ನೂ ಮಾಡಿದ ಯಂತ್ರದ ಹೆಸರು ಪ್ರೆಸ್. ಕಾಂಕ್ರೀಟ್ ತಾರಸಿ ಬಂದ ಮೇಲೆ ಹೆಚ್ಚಿನ ಹಂಚಿನ ಕಾರ್ಖಾನೆಗಳು ಮುಚ್ಚಿದವು. ಆದರೆ ಅಲ್ಲಿ ದುಡಿದ ಅಜ್ಜ ಅಜ್ಜಿಯರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಬಾಯಲ್ಲಿ ‘ಪ್ರೆಸ್ಸಿನ ಕೆಲಸ’ ಎಂದರೆ ಪುಸ್ತಕದ ಕೆಲಸ ಅಲ್ಲ, ಹಂಚಿನ ಕೆಲಸ ಆದೀತು. ಅರ್ಥ ಹೇಳುವ ಮೊದಲು ಮಾತಾಡುವವರು ಯಾರು ಎಂದು ನೋಡಬೇಕು.

ಮೂರು: ಪತ್ರಿಕೆ ಮತ್ತು ಪತ್ರಕರ್ತರು

ಯಂತ್ರದ ಹೆಸರು ಆಮೇಲೆ ಆ ಯಂತ್ರ ಇರುವ ಮನೆಗೆ ಬಂತು, ಮುದ್ರಣಾಲಯ ಎಂಬ ಅರ್ಥದಲ್ಲಿ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟಿದ್ದರು ಎಂದರೆ ಅದು ಈ ಅರ್ಥದ ಪ್ರೆಸ್. ಅಲ್ಲಿಂದ ಮುಂದೆ ಮುದ್ರಣಾಲಯದಲ್ಲಿ ಅಚ್ಚಾಗುವ ಪತ್ರಿಕೆಗೆ, ಆಮೇಲೆ ಪತ್ರಿಕೆಗೆ ಸುದ್ದಿ ಬರೆಯುವ ಜನರಿಗೂ ಅದೇ ಹೆಸರಾಯಿತು. ಸ್ಕೂಟರಿನ ಮೇಲೆ ‘ಪ್ರೆಸ್’ ಎಂದು ಬರೆದಿದ್ದರೆ ಆ ಸ್ಕೂಟರನ್ನು ಒತ್ತಬೇಕು ಎಂದಲ್ಲ, ಅದರ ಯಜಮಾನ ಪತ್ರಕರ್ತ ಎಂದು. ‘ಪ್ರೆಸ್ ಮೀಟ್’ ಎಂದರೆ ಪತ್ರಿಕಾಗೋಷ್ಠಿ. ಈಗ ಟಿ.ವಿ.ಯವರೂ ಅಲ್ಲಿ ಇರುತ್ತಾರೆ. ಅವರ ಹತ್ತಿರ ಅಚ್ಚಿನ ಯಂತ್ರವೇ ಇಲ್ಲ, ಆದರೂ ಅವರೂ ಪ್ರೆಸ್ಸೇ. ಯಂತ್ರ ಹೋದರೂ ಹೆಸರು ಉಳಿಯಿತು.

ಈ ಅರ್ಥಕ್ಕೂ ಮಂಗಳೂರು ತವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಇಲ್ಲಿ ಹೊರಟಿತು. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಗೆ ನಾಲ್ಕು ಪುಟ. 1844ರಲ್ಲಿ ಅದು ಮೊಳೆ ಅಚ್ಚಿಗಾಗಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಆ ನೆನಪಿಗೆ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಮಂಗಳೂರಿನಲ್ಲಿ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚು ಎಂದರೆ ಕೈಯಿಂದ ಬರೆದದ್ದನ್ನೇ ಒತ್ತುವುದು. ಅಂದರೆ ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಕೂಡ ನಮ್ಮ ಈ ಗೋಡೆ ಪತ್ರಿಕೆಯ ಹಾಗೆ ಕೈಬರಹದ್ದೇ! ನಮ್ಮದಕ್ಕೆ ಯಂತ್ರ ಎಂಬ ಅರ್ಥದ ಪ್ರೆಸ್ ಇಲ್ಲ, ಆದರೆ ಪತ್ರಿಕೆ ಎಂಬ ಅರ್ಥದಲ್ಲಿ ಇದೂ ಪ್ರೆಸ್ಸೇ ಎಂದು ಧೈರ್ಯವಾಗಿ ಹೇಳಬಹುದು.

ಮೊದಲು ಹೇಳಿದ ಸ್ವಾತಂತ್ರ್ಯ ಹೋರಾಟದ ವಾಕ್ಯ ಈಗ ಸರಿಯಾಗಿ ಅರ್ಥವಾಗುತ್ತದೆ. ಹೋರಾಟದ ಕಾಲದಲ್ಲಿ ಮಂಗಳೂರಿನಿಂದ ‘ರಾಷ್ಟ್ರಬಂಧು’ ಎಂಬ ವಾರಪತ್ರಿಕೆ ಬರುತ್ತಿತ್ತು. ಕವಿ ಕಡೆಂಗೋಡ್ಲು ಶಂಕರಭಟ್ಟರು ಅದರ ಸಂಪಾದಕರಾಗಿದ್ದರು. ಅಂಥ ಪತ್ರಿಕೆಗಳೆಲ್ಲ ಸೇರಿ ಆ ವಾಕ್ಯದ ‘ಪ್ರೆಸ್’. ಸಮಾಜ ವಿಜ್ಞಾನದ ಪಾಠದಲ್ಲಿ ‘ಪತ್ರಿಕಾ ಸ್ವಾತಂತ್ರ್ಯ’ ಎಂದು ಓದುತ್ತೇವೆ. ನಮ್ಮ ಸಂವಿಧಾನದ 19ನೆಯ ವಿಧಿಯಲ್ಲಿ ಮಾತು ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಇದೆ. ಆ ಹಕ್ಕನ್ನು ಕೊಡುವ ಮಾತಿನಲ್ಲಿ ‘ಪ್ರೆಸ್’ ಎಂಬ ಪದ ಇಲ್ಲ. ಆದರೂ ಪತ್ರಿಕೆಗಳ ಸ್ವಾತಂತ್ರ್ಯ ಅದರಲ್ಲಿ ಸೇರಿದೆ ಎಂದು ಸುಪ್ರೀಂ ಕೋರ್ಟು 1950ರಲ್ಲೇ ಒಪ್ಪಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಿದಾಗ ಆ ಸ್ವಾತಂತ್ರ್ಯದ ಬೆಲೆ ಎಷ್ಟು ಎಂಬುದು ಜನರಿಗೆ ತಿಳಿಯಿತು. ಇನ್ನೊಂದು ಪದದ ಒಳಗಿರುವ ಅರ್ಥವನ್ನು ಹುಡುಕಿ ತೆಗೆಯುವುದು ಕೋರ್ಟಿನ ದೊಡ್ಡ ನ್ಯಾಯಾಧೀಶರ ಕೆಲಸವೂ ಹೌದು ಎಂದಾಯಿತು.

ನಾಲ್ಕು: ಮನಸ್ಸಿನ ಮೇಲೆ, ಸಮಯದ ಮೇಲೆ

ಕೈಯಲ್ಲಿ ಮುಟ್ಟದೆಯೂ ಒತ್ತಬಹುದು. ನೆಂಟರ ಮನೆಯಲ್ಲಿ “ಇನ್ನೊಂದು ದೋಸೆ ಹಾಕ್ತೇನೆ, ಬೇಡ ಹೇಳ್ಬಾರ್ದು” ಎಂದು ಅತ್ತೆ ಒತ್ತಾಯ ಮಾಡುತ್ತಾರಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ‘ಪ್ರೆಸ್’ ಎನ್ನಬಹುದು. ಇದರ ನೆರೆಹೊರೆಯ ಪದಗಳು ‘ಅರ್ಜ್’, ‘ಇನ್ಸಿಸ್ಟ್’, ‘ಫೋರ್ಸ್’. ‘ಅರ್ಜ್’ ಎಂದರೆ ಕಳಕಳಿಯಿಂದ ಒತ್ತಾಯಿಸುವುದು, ‘ಇನ್ಸಿಸ್ಟ್’ ಎಂದರೆ ಪಟ್ಟು ಹಿಡಿಯುವುದು, ‘ಫೋರ್ಸ್’ ಎಂದರೆ ಬಲವಂತ ಮಾಡುವುದು. ಅತ್ತೆಯದು ಒತ್ತಾಯ, ಬಲವಂತ ಅಲ್ಲ. ‘ಪ್ರೆಸಿಂಗ್ ವರ್ಕ್’ ಎಂದರೆ ತುರ್ತು ಕೆಲಸ. ‘ಪ್ರೆಸ್ಡ್ ಫಾರ್ ಮನಿ’ ಎಂದರೆ ಹಣದ ಅಡಚಣೆ, ಕೈ ಬಿಗಿ. ‘ಪ್ರೆಸ್ಡ್ ಫಾರ್ ಟೈಮ್’ ಎಂದರೆ ಪುರುಸೊತ್ತಿಲ್ಲ.

ಕೋರ್ಟಿನ ಕಾಗದದಲ್ಲಿ ಬರುವ ‘ನಾಟ್ ಪ್ರೆಸ್ಡ್’ ಎಂಬ ಮಾತು ತುಂಬಾ ಮುಖ್ಯ. ಯಾರದೋ ಮನೆಯ ಜಾಗದ ವ್ಯಾಜ್ಯದಲ್ಲಿ ‘ಅರ್ಜಿ ನಾಟ್ ಪ್ರೆಸ್ಡ್ ಎಂದು ವಜಾ’ ಎಂಬ ಅರ್ಥದ ಇಂಗ್ಲಿಷ್ ಆದೇಶ ಬಂತು ಎಂದು ಇಟ್ಟುಕೊಳ್ಳಿ. ‘ಒತ್ತಿಲ್ಲ’ ಎಂದು ಓದಿದವನು “ಮುದ್ರೆ ಒತ್ತಿಲ್ಲವಂತೆ, ಠಸ್ಸೆ ಹಾಕಿಸಿ ಕೊಟ್ಟರೆ ಸಾಕು” ಎಂದು ಹೇಳಿಬಿಟ್ಟಾನು. ನಿಜವಾದ ಅರ್ಥ ಹಾಗಲ್ಲ. ಅರ್ಜಿದಾರರ ಕಡೆಯವರು ಆ ಅರ್ಜಿಯನ್ನು ಮುಂದುವರಿಸುವುದಿಲ್ಲ, ಅದಕ್ಕಾಗಿ ವಾದಿಸುವುದಿಲ್ಲ ಎಂದು ತಿಳಿಸಿದ್ದರಿಂದ ಅದು ಮುಗಿಯಿತು ಎಂದು ಅರ್ಥ. ಎಷ್ಟು ವ್ಯತ್ಯಾಸ ನೋಡಿ! ಮನೆಯವರು ಕೂಡಲೇ ವಕೀಲರ ಹತ್ತಿರ ಹೋಗಿ ವಿಚಾರಿಸಬೇಕಾದ ಹೊತ್ತಿನಲ್ಲಿ ಠಸ್ಸೆಗಾಗಿ ತಿರುಗಿದರೆ ದಿನಗಳು ಕಳೆದುಹೋಗುತ್ತವೆ. ಅಂಗಿಯ ಬಗ್ಗೆ ‘ನಾಟ್ ಪ್ರೆಸ್ಡ್’ ಎಂದರೆ ಇಸ್ತ್ರಿ ಹಾಕಿಲ್ಲ, ಅರ್ಜಿಯ ಬಗ್ಗೆ ಎಂದರೆ ಮುಂದುವರಿಸಿಲ್ಲ. ಪದ ಅದೇ, ಪಕ್ಕದ ಪದ ಬೇರೆ.

ಇಲ್ಲಿಯೇ ಒಂದು ಎಚ್ಚರಿಕೆ. ಹಿಂದೆ ಇಂಗ್ಲೆಂಡಿನಲ್ಲಿ ಜನರನ್ನು ಬಲಾತ್ಕಾರವಾಗಿ ಹಿಡಿದು ನೌಕಾದಳಕ್ಕೆ ಸೇರಿಸುವ ತಂಡಕ್ಕೆ ‘ಪ್ರೆಸ್ ಗ್ಯಾಂಗ್’ ಎನ್ನುತ್ತಿದ್ದರು. ಇದು ಒತ್ತುವ ಪ್ರೆಸ್ಸಿನ ಕುಟುಂಬದ್ದಲ್ಲ. ಸೈನ್ಯಕ್ಕೆ ಸೇರುವವರಿಗೆ ಮುಂಗಡ ಕೊಡುವ ಹಣಕ್ಕೆ ‘ಪ್ರೆಸ್ಟ್’ ಎನ್ನುತ್ತಿದ್ದರು, ಅದು ಬಾಯಿಂದ ಬಾಯಿಗೆ ಸವೆದು ‘ಪ್ರೆಸ್’ ಆಯಿತು. ಕನ್ನಡದಲ್ಲಿ ಹತ್ತು ಎಂದರೆ ಸಂಖ್ಯೆಯೂ ಹೌದು, ಮರ ಹತ್ತುವುದೂ ಹೌದು. ಅವೆರಡೂ ಒಂದೇ ಎಂದು ನಾವು ತಿಳಿಯುವುದಿಲ್ಲ. ಉಚ್ಚಾರ ಒಂದೇ ಆದ ಮಾತ್ರಕ್ಕೆ ಸಂಬಂಧಿಕರು ಎಂದು ಹೇಳಬಾರದು.

ಐದು: ಪ್ರೆಸ್ಸಿನ ದೊಡ್ಡ ಕುಟುಂಬ

‘ಪ್ರೆಸ್’ ಎಂಬುದು ಒತ್ತು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಸಂಸ್ಕೃತದಲ್ಲಿ ಒಂದೇ ಧಾತುವಿಗೆ ಪ್ರ, ಆ, ಸಂ, ವಿ ಎಂಬ ಉಪಸರ್ಗ ಹಚ್ಚಿ ಪ್ರಹಾರ, ಆಹಾರ, ಸಂಹಾರ, ವಿಹಾರ ಮಾಡುತ್ತಾರೆ ಎಂದು ಪಂಡಿತ ಮಾಷ್ಟ್ರು ಹೇಳಿಕೊಟ್ಟದ್ದು ನೆನಪು ಉಂಟಲ್ಲ? ಇಂಗ್ಲಿಷಿನಲ್ಲಿಯೂ ಅದೇ ಉಪಾಯ. ಮುಂದೆ ಒಂದು ತುಂಡು ಸೇರಿಸಿದರೆ ಹೊಸ ಪದ.

ಎಕ್ಸ್‌ಪ್ರೆಸ್: ಹೊರಗೆ ಒತ್ತುವುದು. ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕುವುದು, ಅಂದರೆ ವ್ಯಕ್ತಪಡಿಸುವುದು. ‘ಸ್ಪಷ್ಟವಾಗಿ ಹೇಳಿದ’, ‘ಅದಕ್ಕೆಂದೇ ಮೀಸಲಾದ’ ಎಂಬ ಅರ್ಥವೂ ಅದರಿಂದಲೇ ಬಂತು. ಒಂದು ಊರಿಗೆಂದೇ ಹೊರಟ ಗಾಡಿ ದಾರಿಯಲ್ಲಿ ಎಲ್ಲೆಲ್ಲೂ ನಿಲ್ಲುವುದಿಲ್ಲ, ಬೇಗ ಹೋಗುತ್ತದೆ. ಹಾಗಾಗಿ ‘ಎಕ್ಸ್‌ಪ್ರೆಸ್’ ಎಂದರೆ ವೇಗದ ಗಾಡಿ ಎಂದಾಯಿತು. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನವರು ನಮ್ಮ ಸಣ್ಣ ಸ್ಟಾಪಿನಲ್ಲಿ ಯಾಕೆ ನಿಲ್ಲಿಸುವುದಿಲ್ಲ ಎಂಬುದರ ಕಾರಣ ಪದದಲ್ಲೇ ಉಂಟು!

ಇಂಪ್ರೆಸ್: ಒಳಕ್ಕೆ ಒತ್ತುವುದು. ಮನಸ್ಸಿನ ಮೇಲೆ ಮುದ್ರೆ ಬೀಳುವ ಹಾಗೆ ಮಾಡುವುದು, ಮೆಚ್ಚಿಸುವುದು. ಕನ್ನಡದಲ್ಲಿಯೂ ‘ಮನಸ್ಸಿನಲ್ಲಿ ಅಚ್ಚೊತ್ತಿತು’ ಎನ್ನುತ್ತೇವೆ. ಯಾರೂ ಯಾರಿಂದಲೂ ನಕಲು ಮಾಡದೆ ಎರಡು ಭಾಷೆಯವರಿಗೂ ಒಂದೇ ಯೋಚನೆ ಬಂದಿರಬಹುದು.

ಡಿಪ್ರೆಸ್: ಕೆಳಕ್ಕೆ ಒತ್ತುವುದು. ಅರಬ್ಬೀ ಸಮುದ್ರದಲ್ಲಿ ‘ಡಿಪ್ರೆಶನ್’ ಎಂದರೆ ವಾಯುಭಾರ ಕುಸಿತ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದು ಎಚ್ಚರಿಸುತ್ತಾರೆ. ಮನುಷ್ಯರಿಗೆ ‘ಡಿಪ್ರೆಶನ್’ ಎಂದರೆ ಖಿನ್ನತೆ, ಅದು ಚಿಕಿತ್ಸೆ ಇರುವ ಒಂದು ಕಾಯಿಲೆ. ನಾಚಿಕೆಪಡದೆ ವೈದ್ಯರಿಗೆ ತೋರಿಸಬೇಕು.

ಕಂಪ್ರೆಸ್: ಒಟ್ಟಿಗೆ ಸೇರಿಸಿ ಒತ್ತುವುದು, ಕುಗ್ಗಿಸುವುದು. ರಿಕ್ಷಾಗಳಿಗೆ ಹಾಕುವ ಸಿ.ಎನ್.ಜಿ.ಯ ಮೊದಲ ಅಕ್ಷರ ಇದೇ, ಒತ್ತಿ ತುಂಬಿದ ಅನಿಲ. ಜ್ವರ ಬಂದಾಗ ಹಣೆಗೆ ಇಡುವ ತಣ್ಣೀರು ಪಟ್ಟಿಗೂ ‘ಕೋಲ್ಡ್ ಕಂಪ್ರೆಸ್’ ಎನ್ನುತ್ತಾರೆ.

ಸಪ್ರೆಸ್: ಅಡಿಯಲ್ಲಿ ಅದುಮಿಡುವುದು. ದಂಗೆ ಅಡಗಿಸುವುದು, ಸುದ್ದಿ ಮುಚ್ಚಿಡುವುದು, ನಗು ತಡೆಹಿಡಿಯುವುದು.

ಅಪ್ರೆಸ್: ಬಲವಿದ್ದವರು ಬಡವರನ್ನು ತುಳಿಯುವುದು, ದಬ್ಬಾಳಿಕೆ.

ಪ್ರೆಶರ್: ಒತ್ತಡ. ವಿಜ್ಞಾನದಲ್ಲಿ ಇಷ್ಟು ಜಾಗದ ಮೇಲೆ ಬೀಳುವ ಬಲ ಎಂದು ಲೆಕ್ಕ. ಅಡುಗೆಮನೆಯಲ್ಲಿ ಕುಕ್ಕರ್, ಆಸ್ಪತ್ರೆಯಲ್ಲಿ ಬಿ.ಪಿ., ಮಾರ್ಚ್ ತಿಂಗಳಿನಲ್ಲಿ ಹತ್ತನೇ ತರಗತಿಯವರಿಗೆ ಪರೀಕ್ಷೆ!

‘ಪ್ರಿಂಟ್’ ಕೂಡ ಇದೇ ಧಾತುವಿನಿಂದ ಹೊರಟು ಫ್ರೆಂಚ್ ದಾರಿಯಾಗಿ ಬಂದದ್ದು. ಪ್ರೆಸ್ಸಿನಲ್ಲಿ ಪ್ರಿಂಟ್ ಮಾಡುವುದು ಎಂದರೆ ದಾಯಾದಿಗಳಿಬ್ಬರೂ ಒಂದೇ ಅಂಗಡಿಯಲ್ಲಿ ದುಡಿದ ಹಾಗೆ.

ಹಾಗಾದರೆ ಗುರುತಿಸುವುದು ಹೇಗೆ?

ಇಷ್ಟೆಲ್ಲ ಅರ್ಥ ಬಾಯಿಪಾಠ ಮಾಡಬೇಕಾ ಎಂದು ಹೆದರಬೇಡಿ. ವಾಕ್ಯ ಬಂದಾಗ ನಾಲ್ಕು ಪ್ರಶ್ನೆ ಕೇಳಿದರೆ ಸಾಕು.

1. ಅದು ಹೆಸರೋ, ಕೆಲಸವೋ? ಮುಂದೆ ‘ದ’ ಅಥವಾ ‘ಎ’ ಇದ್ದರೆ ಸಾಮಾನ್ಯವಾಗಿ ಹೆಸರು, ಅಂದರೆ ನಾಮಪದ. ಆಗ ಯಂತ್ರ, ಮುದ್ರಣಾಲಯ, ಪತ್ರಿಕೆ ಇವುಗಳಲ್ಲಿ ಒಂದಾಗಿರುತ್ತದೆ.

2. ಕೆಲಸವಾದರೆ ಯಾವುದನ್ನು ಪ್ರೆಸ್ ಮಾಡಿದರು? ಬಟನ್ನೋ, ಅಂಗಿಯೋ, ಅರ್ಜಿಯೋ, ಮನುಷ್ಯನೋ? ಅದರ ಮೇಲೆ ಕನ್ನಡ ಪದ ನಿಂತಿದೆ.

3. ಪದದ ಬಾಲಕ್ಕೆ ಯಾವ ಸಣ್ಣ ಪದ ಇದೆ? ‘ಪ್ರೆಸ್ ಆನ್’ ಎಂದರೆ ಬಿಡದೆ ಮುಂದುವರಿಯುವುದು. ‘ಪ್ರೆಸ್ ಫಾರ್’ ಎಂದರೆ ಬೇಕೆಂದು ಒತ್ತಾಯಿಸುವುದು.

4. ಮಾತಾಡುವವರು ಯಾರು, ಎಲ್ಲಿ? ಹಂಚಿನ ಕಾರ್ಖಾನೆಯವರೋ, ಪತ್ರಕರ್ತರೋ, ವಕೀಲರೋ, ವೈದ್ಯರೋ?

ಇವಿಷ್ಟಕ್ಕೂ ಉತ್ತರ ಸಿಗದಿದ್ದರೆ ನಿಘಂಟು ತೆರೆಯಬೇಕು. ತೆರೆದ ಮೇಲೆ ಮೊದಲನೆಯ ಅರ್ಥ ನೋಡಿ ಮುಚ್ಚಿಬಿಡಬಾರದು. ಕೊನೆಯವರೆಗೆ ಓದಿ, ನಮ್ಮ ವಾಕ್ಯಕ್ಕೆ ಯಾವುದು ಹೊಂದುತ್ತದೆ ಎಂದು ಒಂದೊಂದನ್ನೇ ಇಟ್ಟು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಮೊದಲು ಪ್ರಕಟವಾಯಿತು. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದು ಓದುಗರ ಪದ ಸಂಶಯಗಳಿಗೆ ಉತ್ತರ ಕೊಡುತ್ತಿದ್ದರು. 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡ ಆ ಹಿರಿಯರಿಗೂ ಪದ ಹುಡುಕುವುದು ಬೇಸರ ತರಲಿಲ್ಲ. ನಮಗೆ ಹತ್ತು ನಿಮಿಷ ಕಷ್ಟವೇ?

ನಮ್ಮ ‘ಒತ್ತು’ ಏನು ಕಡಿಮೆ?

ಇಂಗ್ಲಿಷಿನಲ್ಲಿ ಮಾತ್ರ ಇಂಥ ಗೊಂದಲ ಇರುವುದು ಎಂದು ಕೆಲವರು ದೂರುತ್ತಾರೆ. ನಮ್ಮ ‘ಒತ್ತು’ ಪದವನ್ನೇ ನೋಡಿ. ಗುಂಡಿ ಒತ್ತುವುದು ಒಂದು ಅರ್ಥ. ‘ಈ ಪಾಠಕ್ಕೆ ಹೆಚ್ಚು ಒತ್ತು ಕೊಡಿ’ ಎಂದರೆ ಮಹತ್ವ. ‘ಕ್ಕ’ದಲ್ಲಿ ಕೆಳಗೆ ಇರುವುದು ಒತ್ತಕ್ಷರ. ಗದ್ದೆಯಲ್ಲಿ ನೇಜಿ ಒತ್ತೊತ್ತಾಗಿ ಇದ್ದರೆ ದಟ್ಟವಾಗಿ ಇದೆ ಎಂದು. ಒತ್ತಾಸೆ ಎಂದರೆ ಬೆಂಬಲ. ಸರಕಾರಿ ಜಾಗ ಒಳಗೆ ಹಾಕಿಕೊಂಡರೆ ಒತ್ತುವರಿ. ಒತ್ತಡ ಬೇರೆ, ಒತ್ತಾಯ ಬೇರೆ. ತುಳುವಿನಲ್ಲಿಯೂ ಒತ್ತುನಿ ಅಂತ ಉಂಟು. ಪರದೇಶದಿಂದ ಬಂದ ಕಿಟ್ಟೆಲ್ ಇಂಥ ಪದಗಳ ಮುಂದೆ ಕೂತು ಎಷ್ಟು ತಲೆ ಕೆರೆದುಕೊಂಡಿರಬೇಡ! ಆದರೆ ನಮ್ಮಲ್ಲಿ ಒಬ್ಬನೂ ಒತ್ತಕ್ಷರವನ್ನು ಒತ್ತುವರಿ ಎಂದು ತಿಳಿಯುವುದಿಲ್ಲ. ಯಾಕೆಂದರೆ ನಾವು ಕನ್ನಡವನ್ನು ಪಟ್ಟಿಯಿಂದ ಕಲಿತದ್ದಲ್ಲ, ಮಾತಿನಿಂದ ಕಲಿತದ್ದು. ಪಕ್ಕದ ಪದ ನೋಡಿ ಅರ್ಥ ಹಿಡಿಯುವ ವಿದ್ಯೆ ನಮಗೆ ತೊಟ್ಟಿಲಿನಿಂದಲೇ ಬಂದಿದೆ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೇ ವಿದ್ಯೆಯನ್ನು ಇಂಗ್ಲಿಷಿಗೂ ಉಪಯೋಗಿಸಿದರೆ ಆಯಿತು. ಇನ್ನು ಮುಂದೆ ಪಟ್ಟಿ ಬರೆಯುವಾಗ ಒಂದು ಪದದ ಎದುರು ಒಂದು ಅರ್ಥ ಬರೆಯದೆ, ಎರಡು ಮೂರು ಸಣ್ಣ ವಾಕ್ಯ ಬರೆಯೋಣ.

ನೀವೂ ಪ್ರಯತ್ನಿಸಿ

ಈ ವಾಕ್ಯಗಳಲ್ಲಿ ‘ಪ್ರೆಸ್’ ಎಂಬುದಕ್ಕೆ ಸರಿಯಾದ ಕನ್ನಡ ಪದ ಯಾವುದು?

1. ದ ಬುಕ್ ಈಸ್ ಇನ್ ದ ಪ್ರೆಸ್.
2. ಮೈ ಶರ್ಟ್ ಈಸ್ ನಾಟ್ ಪ್ರೆಸ್ಡ್.
3. ದ ಮಿನಿಸ್ಟರ್ ಮೆಟ್ ದ ಪ್ರೆಸ್.
4. ಶಿ ಪ್ರೆಸ್ಡ್ ಮಿ ಟು ಸ್ಟೇ ಫಾರ್ ಲಂಚ್.
5. ದೆ ಪ್ರೆಸ್ಡ್ ಆನ್ ಇನ್ ಹೆವಿ ರೇನ್.

ಇನ್ನೊಂದು ಕೆಲಸ: ನಿಮ್ಮ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಯಾವ ಭಾಷೆ ಆಡಿದರೂ ಸರಿ. ಒತ್ತು, ಹಿಂಡು, ಜಜ್ಜು, ನಾದು ಎಂಬ ನಾಲ್ಕಕ್ಕೆ ಅದರಲ್ಲಿ ಎಂತ ಹೇಳುತ್ತಾರೆ ಎಂದು ಅಜ್ಜಿಯ ಹತ್ತಿರ ಕೇಳಿ ಬರೆದು ತನ್ನಿ. ಎಲ್ಲರದ್ದನ್ನೂ ಸೇರಿಸಿ ಮುಂದಿನ ಸಂಚಿಕೆಯಲ್ಲಿ ನಮ್ಮ ಶಾಲೆಯದ್ದೇ ಒಂದು ಪುಟ್ಟ ನಿಘಂಟು ಮಾಡೋಣ. ಮೇಲಿನ ಐದು ಪ್ರಶ್ನೆಗಳ ಉತ್ತರವೂ ಆಗಲೇ.